‘ಹೇಗಿತ್ತು?’ ಅಂದರೆ ಉತ್ತರ ಸಿಗದ ಕಾದಂಬರಿಗಳು

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿದೆ. ನೀಳ್ಗತೆ ಅನ್ನಿ, ಕಿರು ಕಾದಂಬರಿ ಅನ್ನಿ, ಸಣ್ಣದು. ಮಧ್ಯಾಹ್ನ ಊಟ ಆದ ಮೇಲೆ ಹಿಡಿದೆ, ದೀಪ ಹಚ್ಚುವ ಹೊತ್ತಿಗೆ ಮುಗಿದಿತ್ತು. ಹೆಂಡತಿ ಕಾಫಿ ತಂದಿಟ್ಟು ‘ಹೇಗಿತ್ತು ರೀ?’ ಅಂತ ಕೇಳಿದಳು. ‘ಚೆನ್ನಾಗಿತ್ತು’ ಅಂದೆ. ಅಂದ ತಕ್ಷಣ ಅದು ಸುಳ್ಳು ಅನ್ನಿಸಿತು. ಬರವಣಿಗೆ ಚೆನ್ನಾಗಿಯೇ ಇತ್ತು. ಆದರೆ ನನಗೆ ಚೆನ್ನಾಗಿರಲಿಲ್ಲ. ಬೇಜಾರಾಗಿತ್ತಾ? ಇಲ್ಲ. ಸಿಟ್ಟು? ಯಾರ ಮೇಲೆ ಅಂತ ಗೊತ್ತಿಲ್ಲ. ರಾತ್ರಿ ಅಡುಗೆಮನೆ ಕಟ್ಟೆಯ ಮೇಲೆ ಸಕ್ಕರೆ ಡಬ್ಬಿಯ ಹತ್ತಿರ ನಾಲ್ಕು ಇರುವೆ ಕಂಡವು. ಹೆಬ್ಬೆರಳಿಂದ ಒತ್ತಲು ಹೋದವನು ಕೈ ಹಿಂದೆ ತೆಗೆದುಕೊಂಡೆ. ಯಾಕೆ ಅಂತ ಆ ಕಾದಂಬರಿ ಓದಿದವರಿಗೆ ಗೊತ್ತಾಗುತ್ತದೆ. ಓದಿಲ್ಲದವರಿಗೆ ಮುಂದೆ ಹೇಳುತ್ತೇನೆ. ಕತೆ ಬಿಟ್ಟುಕೊಡದೆ ಈ ವಿಷಯ ಮಾತಾಡೋಕೆ ಆಗೋದಿಲ್ಲ, ಅದಕ್ಕೆ ಮೊದಲೇ ಕ್ಷಮೆ ಇರಲಿ.

ಈ ಥರದ ಅನುಭವ ತುಂಬಾ ಜನರಿಗೆ ಆಗುತ್ತದೆ. ಪುಸ್ತಕ ಮುಚ್ಚಿದ ಮೇಲೆ ಒಂದು ಭಾವ ಉಳಿಯಬೇಕಾದ ಕಡೆ ಮೂರು ನಾಲ್ಕು ಉಳಿದು, ಒಂದಕ್ಕೊಂದು ಜಗಳ ಆಡುತ್ತಿರುತ್ತವೆ. ಆಗ ನಾವು ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತೇವೆ. ‘ನನಗೆ ಅರ್ಥ ಆಗಲಿಲ್ಲ’ ಅಂತ ನಮ್ಮ ಮೇಲೆ ಹಾಕಿಕೊಳ್ಳುತ್ತೇವೆ. ಇಲ್ಲವೇ ‘ಅವರಿಗೆ ಮುಗಿಸೋಕೆ ಬರಲಿಲ್ಲ’ ಅಂತ ಬರೆದವರ ಮೇಲೆ ಹಾಕುತ್ತೇವೆ. ಎರಡೂ ಅವಸರದ ತೀರ್ಪು. ಈ ಗೋಜಲು ಸುಮ್ನೆ ಆಗುವಂಥದ್ದಲ್ಲ. ಒಳ್ಳೆಯ ಕಾದಂಬರಿಕಾರರು ಅದನ್ನು ಎಳೆ ಎಳೆಯಾಗಿ ಹೆಣೆದಿರುತ್ತಾರೆ. ಹೆಣಿಗೆ ಹೇಗಿದೆ ಅಂತ ನೋಡಬಹುದು.

ಅದಕ್ಕೂ ಮೊದಲು ಒಂದು ವ್ಯತ್ಯಾಸ ಹೇಳಬೇಕು. ದುಃಖದ ಕಾದಂಬರಿ ಬೇರೆ, ಗೋಜಲಿನ ಕಾದಂಬರಿ ಬೇರೆ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (1970) ಓದಿ ಅತ್ತವರು ನಮ್ಮ ಮನೆಯಲ್ಲೇ ಮೂರು ಜನ ಇದ್ದಾರೆ. ನಂಜಮ್ಮನಿಗೆ ಬಂದ ಕಷ್ಟಕ್ಕೆ ಲೆಕ್ಕ ಇಲ್ಲ. ಗಂಡ ಚೆನ್ನಿಗರಾಯ ಹೊಟ್ಟೆಬಾಕ, ಅತ್ತೆ ಗಂಗಮ್ಮನ ಬಾಯಿ ಊರಿಗೇ ಗೊತ್ತು, ಮೇಲೆ ಪ್ಲೇಗು. ಓದುತ್ತಾ ಎದೆ ಒಡೆದು ಹೋಗುತ್ತದೆ. ಆದರೆ ಗೊಂದಲ ಆಗೋದಿಲ್ಲ. ಯಾರಿಗೆ ಮರುಗಬೇಕು, ಯಾರಿಗೆ ಹಿಡಿಶಾಪ ಹಾಕಬೇಕು ಅಂತ ಪ್ರತಿ ಪುಟದಲ್ಲೂ ಗೊತ್ತಿರುತ್ತದೆ. ಅತ್ತು ಮೂಗು ಒರೆಸಿಕೊಂಡ ಮೇಲೆ ಒಂದು ಥರದ ಹಗುರ ಕೂಡ ಬರುತ್ತದೆ. ‘ಘಾಚರ್ ಘೋಚರ್’ ನನ್ನನ್ನು ಅಳಿಸಲಿಲ್ಲ, ಹಗುರವನ್ನೂ ಮಾಡಲಿಲ್ಲ.

ಮನಸ್ಸು ಒಂದೇ ಹೊತ್ತಿಗೆ ಎರಡು ಎದುರು ಭಾವ ಇಟ್ಟುಕೊಳ್ಳಬಲ್ಲದಾ ಅನ್ನೋ ಪ್ರಶ್ನೆಯನ್ನು ಮನಶ್ಶಾಸ್ತ್ರದವರು ಬಹಳ ಕಾಲ ಚರ್ಚೆ ಮಾಡಿದ್ದಾರೆ. ಸುಖ ದುಃಖ ಒಂದೇ ತಕ್ಕಡಿಯ ಎರಡು ತುದಿ, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಅಂತ ಒಂದು ವಾದ ಇತ್ತು. 2001ರಲ್ಲಿ ಅಮೆರಿಕದ ಜೆಫ್ ಲಾರ್ಸೆನ್ ಮತ್ತು ಜೊತೆಗಾರರು ಇದನ್ನು ಸರಳವಾಗಿ ಪರೀಕ್ಷೆ ಮಾಡಿದರು. ನಾಜಿ ಯಾತನಾ ಶಿಬಿರದಲ್ಲಿ ನಡೆಯುವ, ಆದರೂ ನಗಿಸುವ ಒಂದು ಇಟಾಲಿಯನ್ ಸಿನಿಮಾ ನೋಡಲು ಬಂದವರನ್ನು ಮಾತಾಡಿಸಿದರು. ಒಳಗೆ ಹೋಗುವ ಮುಂಚೆ ಕೆಲವರನ್ನು, ನೋಡಿ ಹೊರಗೆ ಬಂದ ಮೇಲೆ ಕೆಲವರನ್ನು. ಹೊರಗೆ ಬಂದವರಲ್ಲಿ ‘ಈಗ ಖುಷಿಯೂ ಇದೆ, ದುಃಖವೂ ಇದೆ’ ಅಂದವರು ಜಾಸ್ತಿ ಇದ್ದರು. ಪದವಿ ಪ್ರದಾನದ ದಿನ ವಿದ್ಯಾರ್ಥಿಗಳನ್ನು ಕೇಳಿದಾಗಲೂ ಹಾಗೇ ಆಯಿತು.

ನಮಗೆ ಇದು ಹೊಸದೇನಲ್ಲ ಬಿಡಿ. ಮದುವೆಯಲ್ಲಿ ಹೆಣ್ಣು ಒಪ್ಪಿಸುವ ಶಾಸ್ತ್ರ ನೋಡಿದವರಿಗೆ ಪರೀಕ್ಷೆಯ ಅಗತ್ಯ ಇಲ್ಲ. ಅಪ್ಪ ಅಮ್ಮ ಅಳುತ್ತಿರುತ್ತಾರೆ, ಅದೇ ಹೊತ್ತಿಗೆ ಸಂತೋಷವಾಗಿಯೂ ಇರುತ್ತಾರೆ. ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಶಾಸ್ತ್ರದಲ್ಲಿ ಅಳು ಮತ್ತು ಸಂತೋಷ ಒಂದನ್ನೊಂದು ದೂರುವುದಿಲ್ಲ. ಒಂದೇ ಚಾಪೆಯ ಮೇಲೆ ಪಕ್ಕಪಕ್ಕ ಕೂತಿರುತ್ತವೆ. ಗೋಜಲಿನ ಕಾದಂಬರಿಯಲ್ಲಿ ಹಾಗಲ್ಲ. ಐವತ್ತನೇ ಪುಟದಲ್ಲಿ ಹುಟ್ಟಿದ ಅಸಹ್ಯ, ಹತ್ತನೇ ಪುಟದಲ್ಲಿ ನಕ್ಕಿದ್ದಕ್ಕೆ ನಮ್ಮನ್ನೇ ಬೈಯುತ್ತದೆ. ಎರಡು ಭಾವ ಇರುವುದಲ್ಲ ತೊಂದರೆ. ಒಂದು ಭಾವ ಇನ್ನೊಂದರ ಮೇಲೆ ಕೇಸು ಹಾಕಿರುತ್ತದೆ, ಅದು ತೊಂದರೆ.

‘ಘಾಚರ್ ಘೋಚರ್’ನಲ್ಲಿ ಇದು ಹೇಗೆ ನಡೆಯುತ್ತದೆ ಅಂತ ನಿಧಾನವಾಗಿ ನೋಡೋಣ. 2013ರಲ್ಲಿ ಕನ್ನಡದಲ್ಲಿ ಬಂತು. ಕತೆ ಹೇಳುವವನಿಗೆ ಹೆಸರಿಲ್ಲ. ಬೆಂಗಳೂರಿನ ಒಂದು ಕಾಫಿ ಹೌಸಿನಲ್ಲಿ ಕೂತು, ವಿನ್ಸೆಂಟ್ ಅನ್ನೋ ವೇಟರ್ ಜೊತೆ ಆಗಾಗ ಒಂದೆರಡು ಮಾತಾಡುತ್ತಾ, ತನ್ನ ಮನೆಯ ಕತೆ ಹೇಳುತ್ತಾನೆ. ಅಪ್ಪ, ಅಮ್ಮ, ಅಕ್ಕ ಮಾಲತಿ, ಚಿಕ್ಕಪ್ಪ. ಮೊದಲು ಇಕ್ಕಟ್ಟಾದ ಸಣ್ಣ ಮನೆ. ಅಪ್ಪ ಊರೂರು ತಿರುಗುವ ಸೇಲ್ಸ್‌ಮನ್. ತಿಂಗಳ ಲೆಕ್ಕಕ್ಕೆ ಒಂದು ರೂಪಾಯಿ ಹೆಚ್ಚು ಕಡಿಮೆ ಆದರೂ ಮನೆಯೆಲ್ಲ ತಲೆ ಕೆಡಿಸಿಕೊಳ್ಳುವ ಕಾಲ. ಆಮೇಲೆ ಚಿಕ್ಕಪ್ಪ ಸೋನಾ ಮಸಾಲಾ ಅನ್ನೋ ಕಂಪನಿ ಶುರು ಮಾಡುತ್ತಾನೆ. ದುಡ್ಡು ಬರುತ್ತದೆ, ದೊಡ್ಡ ಮನೆ ಬರುತ್ತದೆ. ಮನೆಯವರೆಲ್ಲ ಚಿಕ್ಕಪ್ಪನ ಸುತ್ತ ಸುತ್ತುವ ಗ್ರಹಗಳಾಗುತ್ತಾರೆ.

ಇರುವೆಯ ಭಾಗ ಹಳೆಯ ಮನೆಯಲ್ಲಿ ಬರುತ್ತದೆ. ಅಡುಗೆಮನೆಗೆ ಇರುವೆ ಮುತ್ತಿಕೊಳ್ಳುತ್ತದೆ. ಅಮ್ಮ ಅದರ ಮೇಲೆ ಯುದ್ಧ ಸಾರುತ್ತಾಳೆ, ಮನೆಯವರೆಲ್ಲ ಕೈ ಜೋಡಿಸುತ್ತಾರೆ. ಓದುವಾಗ ನಗು ಬರುತ್ತದೆ. ನಮ್ಮ ಮನೆಯಲ್ಲೂ ಹೀಗೇ ಅಲ್ವಾ ಅನ್ನಿಸುತ್ತದೆ. ಬಡತನದ ಮನೆ, ಎಲ್ಲರೂ ಒಂದಾಗಿ ಒಂದು ಶತ್ರುವಿನ ಮೇಲೆ ಬಿದ್ದಿದ್ದಾರೆ. ನಾವೂ ಮನಸ್ಸಿನಲ್ಲೇ ಒಂದು ಬಟ್ಟೆ ಹಿಡಿದು ಒರೆಸಲು ನಿಲ್ಲುತ್ತೇವೆ. ಕಾದಂಬರಿ ನಮ್ಮನ್ನು ಮನೆಯ ಆರನೇ ಸದಸ್ಯ ಮಾಡಿಕೊಳ್ಳುವುದು ಇಲ್ಲೇ. ಅದಕ್ಕೆ ನಮ್ಮ ಒಪ್ಪಿಗೆ ಕೇಳುವುದಿಲ್ಲ. ನಕ್ಕಿದ್ದೇ ಒಪ್ಪಿಗೆ.

ಆಮೇಲೆ ಒಂದು ದಿನ ಹೊಸ ಮನೆಯ ಬಾಗಿಲಿಗೆ ಒಬ್ಬ ಹೆಂಗಸು ಬರುತ್ತಾಳೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದಿದ್ದಾಳೆ. ಅವನಿಗೆ ಅಂತ ಬೇಳೆಯ ಅಡುಗೆ ಮಾಡಿ ತಂದಿದ್ದಾಳೆ. ಅವಳು ಯಾರು, ಅವನಿಗೆ ಏನಾಗಬೇಕು ಅಂತ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಾಗುತ್ತದೆ. ಅಮ್ಮ ಮತ್ತು ಮಾಲತಿ ಅವಳ ಮೇಲೆ ಬೀಳುತ್ತಾರೆ. ಆಡಬಾರದ ಮಾತು ಆಡಿ ಓಡಿಸುತ್ತಾರೆ. ಇರುವೆ ಬಂದಾಗ ಹೇಗೆ ಒಂದಾದರೋ ಈಗಲೂ ಹಾಗೇ ಒಂದಾಗುತ್ತಾರೆ. ಕತೆ ಹೇಳುವವನು ನೋಡುತ್ತಾ ನಿಂತಿರುತ್ತಾನೆ. ನಾವೂ ನಿಂತಿರುತ್ತೇವೆ, ಬೇರೆ ದಾರಿ ಇಲ್ಲ, ಅವನ ಕಣ್ಣು ಬಿಟ್ಟರೆ ನಮಗೆ ಬೇರೆ ಕಣ್ಣಿಲ್ಲ. ಅವನು ಮಾತಾಡಲಿ ಅಂತ ಕಾಯುತ್ತೇವೆ. ಅವನು ಮಾತಾಡುವುದಿಲ್ಲ. ಇರುವೆಯ ಪುಟದಲ್ಲಿ ಅದೇ ಒಗ್ಗಟ್ಟಿಗೆ ನಾವು ನಕ್ಕಿದ್ದೆವು.

ಬಾಗಿಲ ಮುಂದೆ ನಡೆದದ್ದನ್ನು ಮನೆಯಲ್ಲಿ ಪ್ರಶ್ನೆ ಮಾಡುವವಳು ಒಬ್ಬಳೇ, ಕತೆ ಹೇಳುವವನ ಹೆಂಡತಿ ಅನಿತಾ. ಹೈದರಾಬಾದಿನಿಂದ ಬಂದವಳು. ಗಂಡ ಕಂಪನಿಯಲ್ಲಿ ಹೆಸರಿಗೆ ಮಾತ್ರ ಇದ್ದಾನೆ, ಕೆಲಸ ಮಾಡುವುದೇ ಇಲ್ಲ ಅಂತ ಗೊತ್ತಾದಾಗಲೂ ಸುಮ್ಮನಿರದೆ ಕೇಳಿದವಳು. ಅವಳು ಹೇಳೋದರಲ್ಲಿ ತಪ್ಪಿಲ್ಲ. ಆದರೂ ಅವಳು ಬಾಯಿ ತೆರೆದಾಗಲೆಲ್ಲ ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ಕಿರಿಕಿರಿ ಆಗುತ್ತಿತ್ತು. ‘ಇವಳಿಗೆ ಯಾಕೆ ಬೇಕಿತ್ತು, ಊಟದ ಹೊತ್ತಿಗೆ?’ ಅಂತ. ಆ ಕಿರಿಕಿರಿ ನನ್ನದಲ್ಲ, ಆ ಮನೆಯದ್ದು. ನನಗೆ ಗೊತ್ತಿಲ್ಲದ ಹಾಗೆ ನನ್ನೊಳಗೆ ಬಂದು ಕೂತಿತ್ತು. ಕೊನೆಯಲ್ಲಿ ಅನಿತಾ ಊರಿಗೆ ಹೋಗಿದ್ದಾಳೆ, ಇನ್ನೂ ಬಂದಿಲ್ಲ. ಏನಾಗಿದೆ ಅಂತ ಕಾದಂಬರಿ ಹೇಳುವುದಿಲ್ಲ. ಏನೋ ಆಗಿರಬಹುದು ಅನ್ನೋ ಭಯ ಮಾತ್ರ ಇದೆ. ಆ ಭಯ ಬಂದ ಕ್ಷಣ, ಅದುವರೆಗೂ ನಾನು ಯಾರ ಪಕ್ಷ ಕೂತಿದ್ದೆ ಅಂತ ನೋಡಿಕೊಳ್ಳಬೇಕಾಯಿತು. ಇರುವೆಯನ್ನು ಒತ್ತಲು ಕೈ ಹೋಗದಿದ್ದದ್ದು ಅದಕ್ಕೇ.

ಇಲ್ಲಿನ ಕುಶಲತೆಗೆ ವಿಮರ್ಶೆಯಲ್ಲಿ ಒಂದು ಹೆಸರಿದೆ, ನಂಬಲಾಗದ ನಿರೂಪಕ ಅಂತ. 1961ರಲ್ಲಿ ವೇಯ್ನ್ ಬೂತ್ ಅನ್ನೋ ಅಮೆರಿಕದ ವಿಮರ್ಶಕ ಚಾಲ್ತಿಗೆ ತಂದ ಮಾತು. ಕತೆ ಹೇಳುವವನ ನೀತಿ ಬೇರೆ, ಇಡೀ ಕೃತಿಯ ನೀತಿ ಬೇರೆ ಇದ್ದಾಗ ಅವನನ್ನು ನಂಬಲಾಗದವನು ಅನ್ನುತ್ತಾರೆ. ಹೆಸರು ಕೇಳಿ ಅವನು ಸುಳ್ಳುಗಾರ ಅಂದುಕೊಳ್ಳಬೇಡಿ. ಈ ಕತೆಯವನು ಸುಳ್ಳು ಹೇಳುವ ಪೈಕಿ ಅಲ್ಲ. ನಡೆದಿದ್ದನ್ನು ನಡೆದ ಹಾಗೆ ಹೇಳುತ್ತಾನೆ, ನಾಚಿಕೆಯನ್ನೂ ಹೇಳುತ್ತಾನೆ. ಎದ್ದು ನಿಲ್ಲುವುದೊಂದು ಬಿಟ್ಟು ಎಲ್ಲ ಮಾಡುತ್ತಾನೆ. ಇಷ್ಟು ಪ್ರಾಮಾಣಿಕವಾಗಿ ಮಾತಾಡುವವನು ಒಳ್ಳೆಯವನೇ ಇರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲೇ ಮೋಸ ಹೋಗೋದು.

ಇದನ್ನು ನಮ್ಮ ಹಳೆಯ ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳಬಹುದಾ ಅಂತ ಯೋಚನೆ ಮಾಡಿದ್ದೇನೆ. ಸ್ವಲ್ಪ ಮಟ್ಟಿಗೆ ಹೇಳಬಹುದು. ಭರತನ ನಾಟ್ಯಶಾಸ್ತ್ರದಲ್ಲಿ ಎಂಟು ರಸ, ಅವುಗಳ ಕೆಳಗೆ ಎಂಟು ಸ್ಥಾಯಿ ಭಾವ, ಅಂದರೆ ನೆಲೆಯಾಗಿ ನಿಲ್ಲುವ ಭಾವ. ಅವುಗಳ ಸುತ್ತ ಬಂದು ಹೋಗುವ ಮೂವತ್ತಮೂರು ಸಂಚಾರಿ ಭಾವ. ಶಂಕೆ, ನಾಚಿಕೆ, ಚಿಂತೆ ಇವೆಲ್ಲ ಸಂಚಾರಿಗಳು. ಅಂದರೆ ಮಿಶ್ರ ಭಾವ ಹಳಬರಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಅವರ ಲೆಕ್ಕದಲ್ಲಿ ಸಂಚಾರಿಗಳು ಆಳುಗಳು, ಸ್ಥಾಯಿ ಯಜಮಾನ. ಎಷ್ಟೇ ಗದ್ದಲ ಆದರೂ ಕೊನೆಗೆ ಮನೆ ಯಾರದ್ದು ಅಂತ ತಿಳಿದಿರಬೇಕು. ಇವತ್ತಿನ ಗೋಜಲಿನ ಕಾದಂಬರಿಯಲ್ಲಿ ಯಜಮಾನ ಮನೆ ಬಿಟ್ಟು ಹೋಗಿದ್ದಾನೆ. ಶಂಕೆ, ನಾಚಿಕೆ, ಚಿಂತೆಗಳೇ ಜಗುಲಿಯ ಮೇಲೆ ಕೂತಿವೆ.

ಇನ್ನೊಂದು ಮಾತು ಸಾಧಾರಣೀಕರಣ. ಭಟ್ಟನಾಯಕ ಹೇಳಿದ್ದು, ಸುಮಾರು ಸಾವಿರ ವರ್ಷದ ಹಿಂದೆ ಅಭಿನವಗುಪ್ತ ಬೆಳೆಸಿದ್ದು. ರಂಗದ ಮೇಲಿನ ದುಃಖ ರಾಮನದ್ದೂ ಅಲ್ಲ, ನಟನದ್ದೂ ಅಲ್ಲ, ನೋಡುವ ನನ್ನದೂ ಅಲ್ಲ. ಯಾರಿಗೂ ಸೇರದ ಬರಿಯ ದುಃಖ ಆಗುತ್ತದೆ. ಅದಕ್ಕೇ ನೋಡಿ ಅತ್ತರೂ ಸುಖ ಸಿಗುತ್ತದೆ, ಮತ್ತೆ ನೋಡಲು ಹೋಗುತ್ತೇವೆ. ನಂಜಮ್ಮನ ಕತೆ ಓದಿ ಹಗುರಾದದ್ದನ್ನು ಇದು ಚೆನ್ನಾಗಿ ವಿವರಿಸುತ್ತದೆ. ‘ಘಾಚರ್ ಘೋಚರ್’ಗೆ ಮಾತ್ರ ಹೊಂದುವುದಿಲ್ಲ. ಅಲ್ಲಿನ ನಾಚಿಕೆ ಯಾರಿಗೂ ಸೇರದ ನಾಚಿಕೆ ಅಲ್ಲ. ವಿಳಾಸ ಬರೆದ ಲಕೋಟೆ ಥರ ನಮ್ಮ ಮನೆಗೇ ಬಂದು ಬೀಳುತ್ತದೆ. ಹಳೆಯ ಸಿದ್ಧಾಂತ ತಪ್ಪು ಅಂತ ನಾನು ಹೇಳುತ್ತಿಲ್ಲ. ಎಲ್ಲಿ ಅದು ಹೊಂದುವುದಿಲ್ಲವೋ ಅಲ್ಲಿ ಕಾದಂಬರಿ ಏನೋ ಬೇರೆ ಕೆಲಸ ಮಾಡುತ್ತಿದೆ ಅಂತ ತಿಳಿಯುತ್ತದೆ, ಅಷ್ಟೇ.

ಗೋಜಲು ಕಾದಂಬರಿಯ ಜೊತೆಗೇ ಹುಟ್ಟಿತು ಅಂತಲೂ ಅಲ್ಲ. ಪಂಪ 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ ಬರೆದ. ಅರ್ಜುನನೇ ನಾಯಕ, ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನ ಮಾಡಿ ಹಾಡಿದ. ಆದರೂ ಕರ್ಣ ಸತ್ತಾಗ, ಭಾರತದಲ್ಲಿ ಯಾರನ್ನೂ ನೆನೆಯಬೇಡ, ನೆನೆಯುವುದಾದರೆ ಕರ್ಣನನ್ನು ನೆನೆ ಅಂತ ಹೇಳಿಬಿಟ್ಟ. ಆಸ್ಥಾನದಲ್ಲಿ ಕೂತು ಕೇಳಿದವರ ಮನಸ್ಸು ಏನಾಗಿರಬೇಡ! ಗೆದ್ದವನಿಗೆ ಜೈ ಅನ್ನಬೇಕಾದ ಕಡೆ ಗಂಟಲು ಕಟ್ಟಿದೆ. ಜನ್ನ ಇನ್ನೂ ಮುಂದೆ ಹೋದ. 1209ರ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿ ರಾತ್ರಿಯಲ್ಲಿ ಕೇಳಿದ ಒಂದು ಹಾಡಿಗೆ ಮನಸ್ಸು ಕೊಡುತ್ತಾಳೆ. ಹಾಡಿದವನು ಕುರೂಪಿ ಮಾವುತ. ಬರಲು ತಡ ಆಯಿತು ಅಂತ ಅವನು ಹೊಡೆದರೂ ಅವನನ್ನೇ ಬೇಡಿಕೊಳ್ಳುತ್ತಾಳೆ. ಮುಂದೆ ಗಂಡನಿಗೂ ಅತ್ತೆಗೂ ವಿಷ ಹಾಕುತ್ತಾಳೆ. ಜನ್ನ ಹೇಳಹೊರಟದ್ದು ಹಿಂಸೆಯ ಬಗ್ಗೆ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟರೂ ಪಾಪ ಬಿಡುವುದಿಲ್ಲ ಅನ್ನೋದು ಅದರ ಪಾಠ. ಆದರೆ ಎಂಟುನೂರು ವರ್ಷದಿಂದ ಓದುವವರ ತಲೆ ಕೊರೆಯುತ್ತಿರುವುದು ಕೋಳಿ ಅಲ್ಲ, ಆ ರಾಣಿ. ಅವಳು ಕೆಟ್ಟವಳು ಅಂತ ಕಾವ್ಯ ಹೇಳುತ್ತದೆ. ಆ ಹಾಡು ನಮಗೂ ಕೇಳಿಸಿದ ಹಾಗೆ ಬರೆದವನೂ ಅದೇ ಜನ್ನ.

ಇಲ್ಲಿ ಗೋಜಲಿಗೆ ಇನ್ನೊಂದು ಕಾರಣ ಸಿಗುತ್ತದೆ. ಕೃತಿ ಬಾಯಲ್ಲಿ ಹೇಳುವುದು ಒಂದು, ಅದರ ತೂಕ ಬೀಳುವುದು ಇನ್ನೊಂದು ಕಡೆ. ಇದಕ್ಕೆ ಹೊಸಗನ್ನಡದಲ್ಲಿ ನನಗೆ ತಕ್ಷಣ ನೆನಪಾಗುವುದು ಭೈರಪ್ಪನವರ ‘ವಂಶವೃಕ್ಷ’ (1965). ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಮಗ ಕಪಿಲೆಯಲ್ಲಿ ತೀರಿಕೊಳ್ಳುತ್ತಾನೆ. ಸೊಸೆ ಕಾತ್ಯಾಯನಿ ಎಳೆಯ ವಯಸ್ಸಿನ ವಿಧವೆ, ಕೈಯಲ್ಲೊಂದು ಮಗು. ಕಾಲೇಜಿಗೆ ಹೋಗುತ್ತಾಳೆ, ಅಲ್ಲಿ ರಾಜನನ್ನು ಪ್ರೀತಿಸಿ ಮದುವೆ ಆಗುತ್ತಾಳೆ. ಮಗುವನ್ನು ಅತ್ತೆ ಮಾವನ ಬಳಿಯೇ ಬಿಟ್ಟು ಬರಬೇಕಾಗುತ್ತದೆ, ಅದು ಆ ವಂಶದ ಕುಡಿ. ಮುಂದೆ ಅವಳಿಗೆ ಮತ್ತೆ ಮತ್ತೆ ಗರ್ಭ ನಿಲ್ಲುವುದಿಲ್ಲ. ಕೊರಗಿ ಕೊರಗಿ ಕೊನೆಗೆ ಸಾಯುತ್ತಾಳೆ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಓದಿದಾಗ ನನಗೆ ಮೈಯೆಲ್ಲ ಉರಿದು ಹೋಗಿತ್ತು. ಮರುಮದುವೆ ಆದ ಹೆಣ್ಣಿಗೆ ಕಾದಂಬರಿ ಶಿಕ್ಷೆ ಕೊಟ್ಟಿದೆ ಅಂತ ಹಾಸ್ಟೆಲಿನಲ್ಲಿ ಗಂಟಲು ಹರಿದುಕೊಂಡು ವಾದ ಮಾಡಿದೆ. ತಮಾಷೆ ಏನು ಅಂದರೆ, ಅಷ್ಟು ಸಿಟ್ಟಿನಲ್ಲೂ ಶ್ರೋತ್ರಿಗಳು ಬಂದ ಪುಟಗಳನ್ನು ಎರಡೆರಡು ಸಲ ಓದುತ್ತಿದ್ದೆ. ಅವರನ್ನು ದ್ವೇಷ ಮಾಡೋಕೆ ಆಗಲಿಲ್ಲ. ಅವರ ಮಾತು, ಸಂಯಮ, ಸೊಸೆಯ ಮೇಲೆ ಒಂದು ಕೆಟ್ಟ ಮಾತೂ ಆಡದ ರೀತಿ, ಎಲ್ಲ ಹಿಡಿಸುತ್ತಿತ್ತು. ಹಿಡಿಸಿದ್ದಕ್ಕೆ ಮತ್ತೆ ಸಿಟ್ಟು.

ಆಮೇಲೆ ನಲವತ್ತು ದಾಟಿದ ಮೇಲೆ ಮತ್ತೆ ಓದಿದೆ. ಈ ಸಲ ಕಣ್ಣಿಗೆ ಬಿದ್ದದ್ದು ಬೇರೆ. ಕೊನೆಯ ಹೊತ್ತಿಗೆ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಗುಟ್ಟು ತಿಳಿಯುತ್ತದೆ. ಯಾವ ವಂಶದ ಹೆಸರಿನಲ್ಲಿ ಇಡೀ ಬದುಕು ಕಟ್ಟಿದರೋ, ಆ ವಂಶದ ರಕ್ತವೇ ತಾವಲ್ಲ. ಅಂದರೆ ಒಬ್ಬ ತಾಯಿಯಿಂದ ಮಗುವನ್ನು ದೂರ ಮಾಡಿದ ತರ್ಕದ ಬುಡವೇ ಟೊಳ್ಳು. ಅದೇ ಕಾದಂಬರಿ, ಅದೇ ಲೇಖಕರು, ತಮ್ಮ ದೊಡ್ಡ ಕಂಬವನ್ನು ತಾವೇ ಕೆಡವಿದ್ದಾರೆ. ಹಾಗಂತ ಕಾತ್ಯಾಯನಿಗೆ ನ್ಯಾಯ ಸಿಕ್ಕಿತಾ? ಇಲ್ಲ. ಅವಳು ಸತ್ತಳು. ಗುಟ್ಟು ಬಯಲಾದದ್ದು ಅವಳ ಬದುಕಿಗೆ ತಡವಾಗಿ. ಹತ್ತೊಂಬತ್ತರ ನನ್ನ ಸಿಟ್ಟು ಪೂರಾ ತಪ್ಪಲ್ಲ ಅಂತ ಈಗಲೂ ಅನ್ನಿಸುತ್ತದೆ. ಕಾತ್ಯಾಯನಿ ಕೊರಗುವುದನ್ನು ಬರೆದಷ್ಟು ವಿವರವಾಗಿ ಅವಳ ಸಂತೋಷವನ್ನು ಕಾದಂಬರಿ ಬರೆದಿಲ್ಲ, ಇದು ನನ್ನ ತಕರಾರು. ಆದರೆ ಅವಳಿಗೆ ಶಿಕ್ಷೆ ಅನ್ನೋ ಒಂದೇ ಮಾತಿನಲ್ಲಿ ಪುಸ್ತಕ ಮುಚ್ಚಿಡಲು ಈಗ ಆಗುವುದಿಲ್ಲ.

ನಮ್ಮ ಅಮ್ಮನೂ ಇದನ್ನು ಓದಿದ್ದರು, ಊರಿನ ಗ್ರಂಥಾಲಯದಿಂದ ತಂದು. ಅವರಿಗೆ ಈ ಯಾವ ಚರ್ಚೆಯೂ ಬೇಕಿರಲಿಲ್ಲ. ‘ಮಗು ಬಿಟ್ಟು ಹೆಂಗೆ ಹೋದ್ಲೋ ಪುಣ್ಯಾತ್ಗಿತ್ತಿ’ ಅಂತ ಒಂದು ದಿನ ಅಂದರು. ಇನ್ನೊಂದು ದಿನ ರೊಟ್ಟಿ ತಟ್ಟುತ್ತಾ ಸುಮ್ನೆ ತಾವಾಗಿಯೇ ‘ಹೋಗದೆ ಏನ್ ಮಾಡ್ತಾಳೆ, ಪಾಪ’ ಅಂದರು. ಎರಡು ಮಾತಿನ ಮಧ್ಯೆ ಒಂದು ವಾರ ಕಳೆದಿತ್ತು. ಅಷ್ಟು ದಿನವೂ ಆ ಪುಸ್ತಕ ಅವರೊಳಗೆ ಓಡುತ್ತಾ ಇತ್ತು ಅಂತ ನನಗೆ ಹೊಳೆದದ್ದು ಬಹಳ ತಡವಾಗಿ.

ಮುಗಿದ ಮೇಲೂ ಹೀಗೆ ಓಡುವುದು ಯಾಕೆ? 1920ರ ದಶಕದಲ್ಲಿ ಬರ್ಲಿನ್‌ನಲ್ಲಿ ಕುರ್ಟ್ ಲೆವಿನ್ ಅನ್ನೋ ಮನಶ್ಶಾಸ್ತ್ರಜ್ಞನ ಶಿಷ್ಯೆಯಾಗಿದ್ದ ಬ್ಲೂಮಾ ಜೈಗಾರ್ನಿಕ್, ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿರುತ್ತದೆ ಅಂತ ಹೇಳಿದರು. ಅವರ ಪ್ರಬಂಧ 1927ರಲ್ಲಿ ಬಂತು. ದುಡ್ಡು ಕೊಡುವವರೆಗೂ ಯಾರು ಏನು ತಿಂದರು ಅಂತ ಹೋಟೆಲಿನ ವೇಟರ್‌ಗೆ ನೆನಪಿರುತ್ತದೆ, ಬಿಲ್ಲು ಚುಕ್ತಾ ಆದ ಕೂಡಲೇ ಮರೆತು ಹೋಗುತ್ತದೆ ಅನ್ನೋ ಕತೆಯನ್ನು ಈ ಸಂಶೋಧನೆಯ ಜೊತೆ ಹೇಳುತ್ತಾರೆ. ಆಮೇಲಿನ ಪ್ರಯೋಗಗಳಲ್ಲಿ ಇದು ಎಲ್ಲ ಸಲ ನಿಜ ಆಗಲಿಲ್ಲ, ಹಾಗಾಗಿ ಕಲ್ಲಿನ ಮೇಲೆ ಕೆತ್ತಿದ ನಿಯಮ ಅಂತ ಹಿಡಿಯಬಾರದು. ಆದರೆ ಬಿಲ್ಲಿನ ಹೋಲಿಕೆ ನನಗೆ ಇಷ್ಟ. ನಂಜಮ್ಮನ ಕತೆ ಓದಿದಾಗ ಕಣ್ಣೀರು ಹಾಕಿ ಬಿಲ್ಲು ಕೊಟ್ಟು ಎದ್ದು ಬರುತ್ತೇವೆ. ಅನಿತಾಳ ಕತೆಯಲ್ಲಿ ಬಿಲ್ಲೇ ಬರುವುದಿಲ್ಲ. ಕೈ ತೊಳೆದುಕೊಂಡು ಕಾಯುತ್ತಾ ಕೂತಿರಬೇಕು.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಮುಗಿಯುವುದೂ ಹೀಗೇ. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರ ಬಿಟ್ಟು ಬದುಕಿದ ನಾರಣಪ್ಪನ ಹೆಣ ಇದೆ, ಸಂಸ್ಕಾರ ಯಾರು ಮಾಡಬೇಕು ಅಂತ ಪ್ರಾಣೇಶಾಚಾರ್ಯರು ಉತ್ತರ ಹುಡುಕುತ್ತಿದ್ದಾರೆ. ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿಯ ಜೊತೆ ಕಳೆದ ಒಂದು ರಾತ್ರಿ ಅವರನ್ನೇ ಪ್ರಶ್ನೆ ಮಾಡಿಬಿಡುತ್ತದೆ. ಕೊನೆಯಲ್ಲಿ ಅಗ್ರಹಾರದ ಕಡೆ ಹೊರಟಿದ್ದಾರೆ, ಅಲ್ಲಿ ಹೋಗಿ ಏನು ಹೇಳುತ್ತಾರೆ ಅನ್ನೋದು ನಮಗೆ ಸಿಗುವುದಿಲ್ಲ. ನಾನು ಗಮನಿಸಿದ್ದು ಒಂದು. ‘ಸಂಸ್ಕಾರ’ದ ಬಗ್ಗೆ ಸಂಪ್ರದಾಯ, ಆಧುನಿಕತೆ ಅಂತ ಭಾಷಣ ಮಾಡುವವರು ಬೇಕಾದಷ್ಟು ಜನ. ಆ ರಾತ್ರಿಯ ಪುಟ ಓದುವಾಗ ನಿಮಗೆ ಖುಷಿಯಾಯಿತಾ, ಹೆದರಿಕೆಯಾಯಿತಾ ಅಂತ ಕೇಳಿದರೆ ಮಾತು ಬದಲಿಸುತ್ತಾರೆ. ದೊಡ್ಡ ದೊಡ್ಡ ಪದಗಳು ಕೆಲವೊಮ್ಮೆ ನಮ್ಮ ಗೋಜಲನ್ನು ಮುಚ್ಚಿಡುವ ಹೊದಿಕೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಗೊಂದಲ ಆಯಿತು ಅಂದ ಮಾತ್ರಕ್ಕೆ ಅದು ದೊಡ್ಡ ಕೃತಿ ಅಲ್ಲ. ಬರೆಯೋಕೆ ಬಾರದೆ ಕೂಡ ಗೊಂದಲ ಆಗುತ್ತದೆ. ನೂರು ಪುಟದವರೆಗೂ ದುಷ್ಟ, ನೂರಾಒಂದನೇ ಪುಟದಲ್ಲಿ ಕಾರಣವೇ ಇಲ್ಲದೆ ಸಂತ. ಅದನ್ನು ಪಾತ್ರದ ಸಂಕೀರ್ಣತೆ ಅಂತ ಹೊಗಳುವವರನ್ನು ನಾನು ನೋಡಿದ್ದೇನೆ. ಎರಡನ್ನೂ ಬೇರೆ ಮಾಡಲು ನಾನು ಒಂದು ಉಪಾಯ ಬಳಸುತ್ತೇನೆ. ಮನಸ್ಸು ಎಲ್ಲಿ ತಿರುಗಿತೋ ಆ ಪುಟಕ್ಕೆ ವಾಪಸು ಹೋಗಿ, ಅಲ್ಲಿಂದ ಹಿಂದಕ್ಕೆ ಓದುತ್ತೇನೆ. ಒಳ್ಳೆಯ ಕಾದಂಬರಿಯಲ್ಲಿ ಎರಡೂ ಕಡೆಗೆ ಸಾಕ್ಷಿ ಸಿಗುತ್ತದೆ. ಬಾಗಿಲ ಬಳಿಯ ಆ ಜಗಳದ ಬೀಜ ಇರುವೆಯ ಪುಟದಲ್ಲೇ ಇತ್ತು, ನಗುವ ಭರದಲ್ಲಿ ನಾನೇ ನೋಡಿರಲಿಲ್ಲ. ಕೆಟ್ಟ ಕಾದಂಬರಿಯಲ್ಲಿ ಹಿಂದಕ್ಕೆ ಹೋದರೆ ಏನೂ ಸಿಗುವುದಿಲ್ಲ. ಇಲ್ಲದ ಎಳೆಯನ್ನು ನಾವೇ ನೂಲಬೇಕಾಗುತ್ತದೆ.

ಮೂರನೆಯದೊಂದು ಗೋಜಲಿದೆ. ಅದು ಪುಸ್ತಕದ್ದೂ ಅಲ್ಲ, ಬರೆದವರದ್ದೂ ಅಲ್ಲ, ಪೂರ್ತಿ ನಮ್ಮದು. ಅಪ್ಪ ತೀರಿಕೊಂಡ ವರ್ಷ ನಾನು ಓದಿದ ಒಂದು ತಿಳಿಹಾಸ್ಯದ ಪುಸ್ತಕ ನನ್ನನ್ನು ಅಳಿಸಿತ್ತು. ಅದರಲ್ಲಿ ಬರುವ ಮುದುಕನೊಬ್ಬ ಅಪ್ಪನ ಹಾಗೇ ಕನ್ನಡಕ ಹಣೆಗೇರಿಸಿಕೊಂಡು ಕನ್ನಡಕ ಹುಡುಕುತ್ತಿದ್ದ, ಅಷ್ಟೇ. ಇದಕ್ಕೆ ವಿಮರ್ಶೆ ಬೇಕಿಲ್ಲ. ಆದರೆ ಇದು ಯಾವುದು, ಅದು ಯಾವುದು ಅಂತ ಗೊತ್ತಿದ್ದರೆ ಒಳ್ಳೆಯದು. ಇಲ್ಲದಿದ್ದರೆ ನಮ್ಮ ಮನೆಯ ಸಾವಿಗೆ ಪಾಪದ ಲೇಖಕರನ್ನು ಹೊಗಳುತ್ತಲೋ ಬೈಯುತ್ತಲೋ ಇರುತ್ತೇವೆ.

ಹಾಗಾಗಿ ಈಗ ನಾನು ಪೆನ್ಸಿಲ್ ಹಿಡಿದು ಓದುತ್ತೇನೆ. ಚೆಂದದ ಸಾಲಿಗೆ ಗೆರೆ ಹಾಕಲು ಅಲ್ಲ. ನಕ್ಕ ಕಡೆ ಒಂದು ಚುಕ್ಕೆ, ಕಸಿವಿಸಿ ಆದ ಕಡೆ ಒಂದು ಅಡ್ಡಗೆರೆ. ಮುಗಿದ ಮೇಲೆ ಬರಿ ಆ ಗುರುತುಗಳನ್ನು ನೋಡುತ್ತಾ ಹೋದರೆ, ಪುಸ್ತಕ ನನ್ನನ್ನು ಎಲ್ಲಿ ಕೈ ಹಿಡಿದು ಕರೆದುಕೊಂಡು ಹೋಯಿತು, ಎಲ್ಲಿ ಬಿಟ್ಟಿತು ಅಂತ ಕಾಣುತ್ತದೆ. ‘ಘಾಚರ್ ಘೋಚರ್’ ಎರಡನೇ ಸಲ ಓದಿದಾಗಲೂ ಹೀಗೇ ಮಾಡಿದ್ದೆ. ಮೊದಲ ಭಾಗದ ತುಂಬ ಚುಕ್ಕೆ, ಮಧ್ಯದಿಂದ ಮುಂದೆ ಅಡ್ಡಗೆರೆ.

ಹೋದ ತಿಂಗಳು ಹೆಂಡತಿ ಅದೇ ಪುಸ್ತಕ ತೆಗೆದುಕೊಂಡು ಓದಿದಳು. ನನ್ನ ಗುರುತುಗಳನ್ನು ನೋಡಿ ‘ಇದೇನ್ರೀ ಇದು?’ ಅಂದಳು. ವಿವರಿಸಿದೆ. ಅವಳೂ ಪೆನ್ಸಿಲ್ ತಗೊಂಡಳು. ಅವಳ ಗುರುತು ನೋಡಿದರೆ ಇರುವೆಯ ಪುಟದಲ್ಲೇ ಅಡ್ಡಗೆರೆ ಶುರು ಆಗಿತ್ತು. ಚುಕ್ಕೆ ಇದ್ದದ್ದು ಎರಡೇ ಎರಡು, ಅವೂ ವಿನ್ಸೆಂಟ್ ಬರುವ ಕಡೆ. ‘ಇಲ್ಲಿ ನಗು ಬರಲಿಲ್ವಾ?’ ಅಂತ ಕೇಳಿದೆ.

‘ನಾನೂ ಒಂದು ಮನೆಗೆ ಸೊಸೆಯಾಗಿ ಬಂದೋಳು ಅಲ್ವಾ?’ ಅಂದಳು. ‘ಅನಿತಾ ಬರೋಕೆ ಮುಂಚೆಯೇ ನಾನು ಅವಳ ಪಕ್ಷ. ನಿಮಗೆ ಯಾಕೆ ಅಷ್ಟು ಹೊತ್ತಾಯ್ತು?’